ಜೇಡರ ದಾಸಿಮಯ್ಯನ ಹೆಸರೂ ಬಾಳೂ

ಕೃಷ್ಣಾ ಭೀಮಾ ನದಿಗಳ ನೀರುಂಡು ಬೆಳೆದ ಸೀಮೆಯು ಶಿವಶರಣರ ಹೆಜ್ಜೆಗುರುತುಗಳಿಂದ ತುಂಬಿದೆ. ಯಾದಗಿರಿ, ಶಹಾಪುರ, ಸುರಪುರ, ಕೊಂಕಲ್ ಮೊದಲಾದ ಊರುಗಳ ಈ ನಾಡಿನಲ್ಲಿ ಕೆಂಭಾವಿಯ ಭೋಗಣ್ಣನ ಕಥೆಯನ್ನೂ ಕೊಡೇಕಲ್ಲ ಬಸವಣ್ಣನ ಕಾಲಜ್ಞಾನದ ಮಾತನ್ನೂ ಕೇಳದ ಭಕ್ತರು ವಿರಳ. ಅವರಿಬ್ಬರಿಗಿಂತಲೂ ಹಿಂದಿನವನಾಗಿ, ವಚನವೆಂಬ ನುಡಿಗೆ ಮೊದಲ ರೂಪವನ್ನು ಕೊಟ್ಟವರ ಸಾಲಿನಲ್ಲಿ ನಿಲ್ಲುವ ಮಹಾನುಭಾವನೂ ಇದೇ ಮಣ್ಣಿನವನು. ಸುರಪುರ ಸೀಮೆಯ ಮುದನೂರು ಅವನ ಜನ್ಮಸ್ಥಳ. ಅಲ್ಲಿಯ ರಾಮನಾಥಲಿಂಗವು ಅವನ ಆರಾಧ್ಯದೈವ. ಆದರೆ ಅವನ ಹೆಸರನ್ನು ಹೇಳಹೊರಟರೆ ಭಕ್ತರ ಬಾಯಲ್ಲಿ ಎರಡು ಮಾತು ಬರುತ್ತವೆ. ಕೆಲವರು ಜೇಡರ ದಾಸಿಮಯ್ಯನೆನ್ನುತ್ತಾರೆ, ಕೆಲವರು ದೇವರ ದಾಸಿಮಯ್ಯನೆನ್ನುತ್ತಾರೆ. ಕನ್ನಡದಲ್ಲಿ ಒಂದೆರಡು ಅಕ್ಷರಗಳಷ್ಟೇ ಬೇರೆಯಾದ ಈ ಎರಡು ಹೆಸರುಗಳ ನಡುವೆ ಒಂದು ಕುಲದ ಮಾನ, ಒಂದು ಕಾಯಕದ ಗೌರವ, ಒಂದು ಭಕ್ತಿಮಾರ್ಗದ ಅರ್ಥ ಇವೆಲ್ಲವೂ ಸಿಕ್ಕಿಕೊಂಡಿವೆ. ಆದುದರಿಂದ ಅವನ ಬಾಳನ್ನು ಹೇಳುವವರು ಹೆಸರಿನ ಚರಿತ್ರೆಯನ್ನು ಬಿಟ್ಟು ಹೇಳುವಂತಿಲ್ಲ.

ದಾಸಿಮಯ್ಯನ ತಂದೆತಾಯಿಗಳು ಶಿವಭಕ್ತರಾದ ನೇಕಾರರೆಂದು ಪರಂಪರೆಯು ಹೇಳುತ್ತದೆ. ಬಾಲ್ಯದಲ್ಲಿಯೇ ಅವನಿಗೆ ಸಂಸಾರದಲ್ಲಿ ವಿರಕ್ತಿಯುಂಟಾಯಿತೆಂದೂ, ಅರಣ್ಯವನ್ನು ಹೊಕ್ಕು ದೇಹವನ್ನು ದಂಡಿಸುವ ಉಗ್ರತಪಸ್ಸಿಗೆ ತೊಡಗಿದನೆಂದೂ, ಆಗ ಪರಮೇಶ್ವರನು ಪ್ರತ್ಯಕ್ಷನಾಗಿ ದೇಹವನ್ನು ಹಿಂಸಿಸುವುದರಿಂದ ತನಗೆ ಪ್ರೀತಿಯಿಲ್ಲವೆಂದು ತಿಳಿಸಿ, ಊರಿಗೆ ಹಿಂದಿರುಗಿ ದುಡಿದು ಬಾಳುವಂತೆ ಅಪ್ಪಣೆ ಮಾಡಿದನೆಂದೂ ಕಥೆಯುಂಟು. ಕಾಡಿನಿಂದ ಮರಳಿದ ದಾಸಿಮಯ್ಯನು ಮಗ್ಗದ ಗುಣಿಯಲ್ಲಿ ಕಾಲಿಳಿಸಿ ಕುಳಿತನು. ಈ ಕಥೆಯ ಒಂದು ವಿಶೇಷವನ್ನು ಗಮನಿಸಬೇಕು. ಬೇರೆ ಅನೇಕ ಪುರಾಣಪುರುಷರ ಚರಿತೆಗಳಲ್ಲಿ ಮನೆಯನ್ನು ಬಿಟ್ಟು ಕಾಡಿಗೆ ಹೋಗುವುದೇ ಸಿದ್ಧಿಯ ಮೊದಲ ಮೆಟ್ಟಿಲು. ಇಲ್ಲಿ ಕಾಡನ್ನು ಬಿಟ್ಟು ಮನೆಗೆ ಬರುವುದು ಮೊದಲ ಮೆಟ್ಟಿಲಾಗಿದೆ. ಕಾಯಕವೆಂಬ ಶಬ್ದವು ಕಲ್ಯಾಣದಲ್ಲಿ ಸಿದ್ಧಾಂತವಾಗಿ ನಿಲ್ಲುವುದಕ್ಕೆ ಮುಂಚೆಯೇ ಅದರ ಅರ್ಥವು ಮುದನೂರಿನ ಮಗ್ಗದಲ್ಲಿ ಹಾಸುಹೊಕ್ಕಾಗಿ ಬಿದ್ದಿತ್ತು.

ಹೀಗೆ ಬಂದುದು ಜೇಡರ ಎಂಬ ವಿಶೇಷಣ. ಜೇಡ ಎಂದರೆ ಇಂದು ಎಲ್ಲರಿಗೂ ನೆನಪಾಗುವುದು ಮೂಲೆಯಲ್ಲಿ ಬಲೆ ಕಟ್ಟುವ ಹುಳು. ಆದರೆ ಹಳೆಯ ಕನ್ನಡದಲ್ಲಿ ಜೇಡನೆಂದರೆ ನೇಯುವವನು. ಜೇಡರೆಂದರೆ ನೇಕಾರರ ಒಂದು ಕುಲ. ಉತ್ತರ ಕರ್ನಾಟಕದ ಆಡುಮಾತಿನ ಜಾಡರೂ, ತೆಲುಗು ನಾಡಿನ ಜೇಂಡ್ರರೂ ಇದೇ ಶಬ್ದದ ಸಂಬಂಧಿಗಳು. ನೇಯುವವನೆಂಬ ಅರ್ಥವು ಮನುಷ್ಯನಿಗೂ ಹುಳುವಿಗೂ ಸಮಾನವಾಗಿ ಸಲ್ಲುತ್ತಿತ್ತು. ಕಾಲಕ್ರಮದಲ್ಲಿ ಮನುಷ್ಯನ ಅರ್ಥವು ಮಸುಳಿಸಿ ಹುಳುವಿನ ಅರ್ಥವೇ ಉಳಿಯಿತು. ಕೇಳುವವರ ಕಿವಿಗೆ ಜೇಡರ ದಾಸಿಮಯ್ಯನೆಂಬ ಹೆಸರು ಹಗುರವಾಗಿ ಕೇಳಿಸತೊಡಗಿದುದಕ್ಕೆ ಇದೂ ಒಂದು ಕಾರಣವೆಂದು ತಿಳಿಯಬಹುದು. ಶಬ್ದವೊಂದು ತನ್ನ ಹಳೆಯ ಅರ್ಥವನ್ನು ಕಳೆದುಕೊಂಡಾಗ ಅದನ್ನು ಹೊತ್ತ ಮನುಷ್ಯನಿಗೂ ಅಷ್ಟು ನಷ್ಟವಾಗುತ್ತದೆ.

ಇನ್ನು ದಾಸ ಎಂಬುದರ ಚರಿತ್ರೆ ಇದಕ್ಕಿಂತ ದೊಡ್ಡದು. ವೇದದ ಅತ್ಯಂತ ಪ್ರಾಚೀನವಾದ ಭಾಗಗಳಲ್ಲಿ ದಾಸರೆಂದರೆ ಆರ್ಯರಿಗೆ ಎದುರಾಗಿ ನಿಂತ ಜನರು. ಬಳಿಕ ಸೋತವನು, ಆಳಾದವನು, ಕ್ರಯಕ್ಕೆ ಕೊಳ್ಳಲ್ಪಟ್ಟವನು ಎಂಬ ಅರ್ಥಗಳು ಬಂದುವು. ಧರ್ಮಶಾಸ್ತ್ರಗಳು ದಾಸರ ಬಗೆಗಳನ್ನು ಎಣಿಸಿ ಹೇಳಿವೆ. ಆದರೆ ಅದೇ ಶಬ್ದವು ದೇವತೆಯ ಹೆಸರಿನ ಜೊತೆಗೆ ಸೇರಿದಾಗ ಹೀನಾರ್ಥವು ಅಳಿದು ಹೋಗುತ್ತಿತ್ತು. ದಿವೋದಾಸ, ಕಾಳಿದಾಸ ಮೊದಲಾದ ನಾಮಗಳೇ ಇದಕ್ಕೆ ನಿದರ್ಶನ. ಮನುಷ್ಯನಿಗೆ ದಾಸನಾಗುವುದು ಅವಮಾನ, ದೇವರಿಗೆ ದಾಸನಾಗುವುದು ಮಾನ ಎಂಬ ಈ ತಿರುವನ್ನು ಸಂಪೂರ್ಣವಾಗಿ ಭಕ್ತಿಯ ಮಾರ್ಗವನ್ನಾಗಿ ಮಾಡಿದವರು ತಮಿಳು ನಾಡಿನ ಶಿವಭಕ್ತರು. ಅವರನ್ನು ಅಲ್ಲಿ ಅಡಿಯಾರ್ ಎಂದೂ ತೊಂಡರ್ ಎಂದೂ ಕರೆದರು. ಎರಡಕ್ಕೂ ಸೇವಕನೆಂದೇ ಅರ್ಥ. ಕನ್ನಡಿಗರು ಅರುವತ್ತುಮೂವರು ಪುರಾತನರೆಂದು ಪೂಜಿಸುವವರು ಇವರೇ.

ಆ ಪುರಾತನರಲ್ಲಿ ಒಬ್ಬನಾದ ಸುಂದರಮೂರ್ತಿಯ, ಎಂದರೆ ಹರಿಹರನು ರಗಳೆ ರಚಿಸಿ ಕನ್ನಡಿಗರಿಗೆ ಆತ್ಮೀಯನನ್ನಾಗಿ ಮಾಡಿದ ನಂಬಿಯಣ್ಣನ, ಕಥೆಯನ್ನು ಇಲ್ಲಿ ನೆನೆಯುವುದು ಯುಕ್ತ. ಮದುವೆಯ ಹಸೆಯ ಮೇಲೆ ಕುಳಿತ ವರನ ಬಳಿಗೆ ಒಬ್ಬ ಮುದುಕನು ಬಂದು, ಈತನು ತಲೆಮೊದಲಿನಿಂದ ತನಗೆ ದಾಸನೆಂದು ಓಲೆಯೊಂದನ್ನು ತೋರಿಸುತ್ತಾನೆ. ವ್ಯಾಜ್ಯವು ಸಭೆಗೆ ಹೋಗುತ್ತದೆ. ಓಲೆ ಸತ್ಯವೆಂದು ತೀರ್ಮಾನವಾಗುತ್ತದೆ. ಮದುವೆ ನಿಂತುಹೋಗುತ್ತದೆ. ತನ್ನನ್ನು ಆಳೆಂದು ಗೆದ್ದುಕೊಂಡ ಆ ಮುದುಕನು ಶಿವನೆಂದು ತಿಳಿದಾಗ ನಂಬಿಯಣ್ಣನಿಗೆ ಆ ಓಲೆಯು ಬಂಧನಪತ್ರವಾಗಿರದೆ ಬಿಡುಗಡೆಯ ಪತ್ರವಾಗಿ ಕಂಡಿತು. ಮುಂದೆ ಶೈವಾಗಮವನ್ನು ಅನುಸರಿಸುವವರು ದಾಸಮಾರ್ಗ, ಸತ್ಪುತ್ರಮಾರ್ಗ, ಸಹಮಾರ್ಗ, ಸನ್ಮಾರ್ಗ ಎಂದು ನಾಲ್ಕು ದಾರಿಗಳನ್ನು ಹೇಳುವಾಗ ದಾಸಮಾರ್ಗವನ್ನು ಮೊದಲನೆಯದಾಗಿ ಇಟ್ಟರು. ದೇವಾಲಯವನ್ನು ಗುಡಿಸುವುದು, ಹೂ ಕೊಯ್ಯುವುದು, ದೀಪವಿಡುವುದು, ಭಕ್ತರಿಗೆ ನಮಸ್ಕರಿಸಿ ಅವರ ಕೆಲಸವನ್ನು ಮಾಡುವುದು, ಇವು ಅದರ ಲಕ್ಷಣ.

ಮುದನೂರಿನ ನೇಕಾರನ ಹೆಸರು ಈ ಹಿನ್ನೆಲೆಯಲ್ಲಿ ಬಂದುದು. ದಾಸನೆಂಬ ಮೂಲಶಬ್ದಕ್ಕೆ ಗೌರವದ ಅಯ್ಯ ಸೇರಿ ದಾಸಿಮಯ್ಯನಾಯಿತು. ಹನ್ನೊಂದು ಹನ್ನೆರಡನೆಯ ಶತಮಾನದ ಶಾಸನಗಳನ್ನು ಓದಿದವರಿಗೆ ಕೇಶಿಮಯ್ಯ, ನಾಗಿಮಯ್ಯ, ಕಾಳಿಮಯ್ಯ ಎಂಬ ಇದೇ ಎರಕದ ಹೆಸರುಗಳು ಚಿರಪರಿಚಿತ. ಅವುಗಳಲ್ಲಿ ಅನೇಕವು ಅಧಿಕಾರಿಗಳ, ಅಗ್ರಹಾರದ ಮಹಾಜನರ, ಕರಣಿಕರ ಹೆಸರುಗಳು. ಮಗ್ಗದಲ್ಲಿ ಕುಳಿತವನಿಗೆ ಮಯ್ಯನೆಂಬ ಈ ಗೌರವವು ಸಂದುದು ಶರಣಮಾರ್ಗದ ಫಲವೆಂದು ಹೇಳಿದರೆ ಅತಿಶಯವಾಗಲಾರದು. ದಾಸನೆಂಬ ಅತಿ ವಿನಯ, ಅಯ್ಯನೆಂಬ ಅತಿ ಮನ್ನಣೆ, ಎರಡೂ ಒಂದೇ ಹೆಸರಿನಲ್ಲಿ ಕೂಡಿಕೊಂಡಿವೆ.

ಗೃಹಸ್ಥಾಶ್ರಮವನ್ನು ಕೈಕೊಳ್ಳಲು ನಿಶ್ಚಯಿಸಿದ ದಾಸಿಮಯ್ಯನು ಕನ್ಯೆಯನ್ನು ಆರಿಸಿದ ರೀತಿಯನ್ನು ಈ ಸೀಮೆಯ ಹೆಂಗಳೆಯರು ಇಂದಿಗೂ ಕಥೆಯಾಗಿ ಹೇಳುತ್ತಾರೆ. ಮರಳು ಬೆರೆತ ಅಕ್ಕಿಯನ್ನು ಗಂಟು ಕಟ್ಟಿಕೊಂಡು ಊರೂರು ಅಲೆದು, ನೀರಿಲ್ಲದೆ ಸೌದೆಯಿಲ್ಲದೆ ಇದನ್ನು ಪಾಯಸ ಮಾಡಿ ಬಡಿಸಬಲ್ಲವಳನ್ನು ವರಿಸುವೆನೆಂದನಂತೆ. ಕೇಳಿದವರು ಹುಚ್ಚನೆಂದು ನಕ್ಕರು. ಶಿವಪುರದ ಕನ್ಯೆ ದುಗ್ಗಳೆ ನಗಲಿಲ್ಲ. ಅವಳು ಕಬ್ಬನ್ನು ತರಿಸಿದಳು; ಅದರ ರಸವನ್ನು ಹಿಂಡಿದಳು; ಆ ರಸದಲ್ಲಿಯೇ ಅಕ್ಕಿಯನ್ನು ತೊಳೆದು ಗಾಳಿಸಿ ಮರಳನ್ನು ತಳಕ್ಕೆ ಬಿಟ್ಟಳು; ಒಣಗಿದ ಕಬ್ಬಿನ ಸಿಪ್ಪೆಯನ್ನೂ ರವದಿಯನ್ನೂ ಒಲೆಗೆ ಹಾಕಿ ಉಳಿದ ರಸದಲ್ಲಿ ಪಾಯಸವನ್ನು ಬೇಯಿಸಿದಳು. ಕಬ್ಬೊಂದೇ ನೀರೂ ಆಯಿತು, ಸೌದೆಯೂ ಆಯಿತು, ಸಿಹಿಯೂ ಆಯಿತು. ಈ ಕಥೆಯನ್ನು ಬುದ್ಧಿಚಾತುರ್ಯದ ಪರೀಕ್ಷೆಯೆಂದಷ್ಟೇ ತಿಳಿದರೆ ಸಾಲದು. ಇರುವ ಅಲ್ಪದಲ್ಲಿ ಏನನ್ನೂ ಕೆಡಿಸದೆ ಬಂದವರಿಗೆ ಬಡಿಸುವ ಗೃಹಿಣಿಯ ಶಕ್ತಿ ಇಲ್ಲಿ ಪರೀಕ್ಷಿಸಲ್ಪಟ್ಟಿದೆ. ನೂಲಿನ ದುಡಿಮೆಯಲ್ಲಿ ಜಂಗಮಸೇವೆ ನಡೆಯಬೇಕಾದ ಮನೆಗೆ ಅದಕ್ಕಿಂತ ಬೇರೆ ಯೋಗ್ಯತೆ ಬೇಕಿರಲಿಲ್ಲ.

ಆ ಮನೆಯ ನಿತ್ಯವೃತ್ತಿಯನ್ನು ಊಹಿಸುವುದು ಕಷ್ಟವಲ್ಲ. ಮುಂಜಾವಿನಲ್ಲಿ ಲಿಂಗಪೂಜೆ, ಅನಂತರ ನೂಲಿಗೆ ಗಂಜಿ ಕೊಟ್ಟು ಹಾಸನ್ನು ಬಿಗಿಯುವುದು, ಕಂಡಿಕೆ ಸುತ್ತುವುದು ಹೆಂಡತಿಯ ಕೈಯ ಕೆಲಸ, ಲಾಳಿಯಾಡಿಸುವುದು ಗಂಡನ ಕೈಯ ಕೆಲಸ. ನೇಯ್ದ ಸೀರೆ ಧೋತ್ರಗಳನ್ನು ಸಂತೆಗೆ ಒಯ್ದು ಬಂದ ಹಣದಲ್ಲಿ ಅಕ್ಕಿ ಬೇಳೆ; ಅದರಿಂದ ಬಂದ ಜಂಗಮರಿಗೆ ಉಣಿಸು; ಉಳಿದುದು ಪ್ರಸಾದ. ಒಬ್ಬರ ಕೈ ನಿಂತರೆ ಇನ್ನೊಬ್ಬರ ಕೈಯೂ ನಿಲ್ಲುವ ಉದ್ಯೋಗ ನೇಯ್ಗೆ. ಗಂಡ ಹೆಂಡಿರು ಒಮ್ಮನಸ್ಸಿನಿಂದ ಮಾಡುವ ಭಕ್ತಿಯೇ ಶಿವನಿಗೆ ಒಪ್ಪಿಗೆಯೆಂಬ ಭಾವವು ದಾಸಿಮಯ್ಯನ ವಚನಗಳಲ್ಲಿ ಮತ್ತೆ ಮತ್ತೆ ಬರುವುದಕ್ಕೆ ಈ ಮಗ್ಗದ ಅನುಭವವೇ ಮೂಲವಾಗಿರಬೇಕು.

ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ರಚಿಸಿದ ಬಸವಪುರಾಣದಲ್ಲಿಯೂ, ಅದನ್ನು ಅನುಸರಿಸಿ ಭೀಮಕವಿಯು 1369ರಲ್ಲಿ ಕನ್ನಡದಲ್ಲಿ ರಚಿಸಿದ ಬಸವಪುರಾಣದಲ್ಲಿಯೂ ದಾಸಿಮಯ್ಯನ ಕಥೆ ಬರುತ್ತದೆ. ಅದರಲ್ಲಿ ಮುಖ್ಯವಾದುದು ವಸ್ತ್ರದ ಪ್ರಸಂಗ. ದಾಸಿಮಯ್ಯನು ಬಹುಕಾಲ ಶ್ರಮಪಟ್ಟು ಅಪೂರ್ವವಾದ ಒಂದು ವಸ್ತ್ರವನ್ನು ನೇಯ್ದನು. ಸಂತೆಗೆ ಒಯ್ದರೆ ಅದಕ್ಕೆ ಬೆಲೆ ಕಟ್ಟುವವರೇ ಇಲ್ಲ. ಹಿಂದಿರುಗುವಾಗ ದಾರಿಯಲ್ಲಿ ಚಳಿಯಿಂದ ನಡುಗುವ ಮುದಿ ಜಂಗಮನೊಬ್ಬನು ಕೈ ನೀಡಿ ಬೇಡಿದನು. ದಾಸಿಮಯ್ಯನು ಮರುಮಾತಿಲ್ಲದೆ ಕೊಟ್ಟನು. ಆ ಜಂಗಮನು ಅದನ್ನು ಹೊದೆಯಲಿಲ್ಲ. ಕೊಟ್ಟವನ ಕಣ್ಣೆದುರಿನಲ್ಲಿಯೇ ಹರಿದು ಚೂರುಮಾಡಿದನು. ನೇಕಾರನ ಎದೆಗೆ ಅದಕ್ಕಿಂತ ಕ್ರೂರವಾದ ಪರೀಕ್ಷೆಯುಂಟೆ? ಮನೆ ಸುಟ್ಟರೂ ಮತ್ತೆ ಕಟ್ಟಬಹುದು. ಎಳೆಯೆಳೆಯಾಗಿ ತನ್ನ ಆಯುಷ್ಯವನ್ನೇ ಇಟ್ಟು ನೇಯ್ದುದು ಹರಿಯುವ ಸದ್ದನ್ನು ಕೇಳಿ ಸುಮ್ಮನಿರುವುದು ಹೇಗೆ? ದಾಸಿಮಯ್ಯನು ಸುಮ್ಮನಿದ್ದನು. ಕೊಟ್ಟ ಮೇಲೆ ವಸ್ತ್ರವು ಜಂಗಮನದು, ಉಡುವುದೂ ಹರಿಯುವುದೂ ಅವನಿಚ್ಛೆ ಎಂಬ ನಿಶ್ಚಯದಿಂದ ಅವನನ್ನು ಮನೆಗೆ ಕರೆತಂದು ದುಗ್ಗಳೆಯೊಡನೆ ಉಪಚರಿಸಿದನು. ಶಿವನು ಮೆಚ್ಚಿ ತವನಿಧಿಯನ್ನು, ಎಂದರೆ ಎಷ್ಟು ತೆಗೆದರೂ ಬತ್ತದ ಧಾನ್ಯದ ಕಣಜವನ್ನು, ಅನುಗ್ರಹಿಸಿದನು. ಬಸವಣ್ಣನವರೂ ತಮ್ಮ ವಚನಗಳಲ್ಲಿ ದಾಸಿಮಯ್ಯನು ವಸ್ತ್ರವನ್ನಿತ್ತು ತವನಿಧಿಯನ್ನು ಪಡೆದುದನ್ನು ಸ್ಮರಿಸಿದ್ದಾರೆ. ಹನ್ನೆರಡನೆಯ ಶತಮಾನದ ಹೊತ್ತಿಗೇ ಈ ಕಥೆಯು ಮನೆಮಾತಾಗಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪುರಾಣವು ಅಷ್ಟಕ್ಕೇ ನಿಲ್ಲಿಸದೆ ಮುಂದಿನ ಮಾತನ್ನು ಹೇಳಿರುವುದು ಅದರ ಹಿರಿಮೆ. ತವನಿಧಿ ಬಂದ ಬಳಿಕ ದಾಸಿಮಯ್ಯನಲ್ಲಿ ತಾನು ಕೊಡುವವನೆಂಬ ಭಾವವು ಒಳಗೊಳಗೇ ಮೊಳೆಯಿತು. ಚಿಪ್ಪಿಗನ ವೃತ್ತಿಯಿಂದ ಬಡತನದಲ್ಲಿ ಬಾಳುತ್ತಿದ್ದ ಶಂಕರ ದಾಸಿಮಯ್ಯನೆಂಬ ಶರಣನಿಗೆ ಉಪಕಾರ ಮಾಡುವೆನೆಂದು ಧಾನ್ಯವನ್ನು ಕಳುಹಲು ಹೊರಟನು. ಆ ಶರಣನ ಮಹಿಮೆಯ ಮುಂದೆ ಇವನ ಕೊಡುಗೆ ತೃಣವಾಯಿತು. ಮನೆಗೆ ಬಂದು ನೋಡಿದರೆ ತವನಿಧಿಯು ಬರಿದಾಗಿತ್ತು. ತಪ್ಪನ್ನರಿತು ಬಾಗಿದ ಮೇಲೆ ಮತ್ತೆ ತುಂಬಿತು. ಒಬ್ಬ ದಾಸಿಮಯ್ಯನಿಗೆ ಮತ್ತೊಬ್ಬ ದಾಸಿಮಯ್ಯನಿಂದಲೇ ದಾಸತ್ವದ ಪಾಠವಾಯಿತು. ಹರಿದ ವಸ್ತ್ರವನ್ನು ಕಂಡು ಕದಲದಿದ್ದವನು ತುಂಬಿದ ಕಣಜವನ್ನು ಕಂಡು ಕದಲಿದನೆಂಬುದು ಗೃಹಸ್ಥರು ತುಸು ನಿಂತು ಯೋಚಿಸತಕ್ಕ ವಿಷಯ.

ದಾಸೋಹವೆಂಬ ಮಹಾಶಬ್ದದ ಬೇರು ಇಲ್ಲಿಯೇ ಇದೆ. ಸೋಹಂ ಎಂದರೆ ಅವನೇ ನಾನೆಂಬ ಜ್ಞಾನಿಯ ನುಡಿ. ಅದಕ್ಕೆ ಒಂದಕ್ಷರವನ್ನು ಮುಂದಿಟ್ಟು ದಾಸೋಹಂ ಎಂದರೆ ನಾನು ದಾಸನೆಂಬ ಭಕ್ತನ ನುಡಿ. ಸೋಹಂ ಎಂಬಲ್ಲಿ ಅಹಂಕಾರವು ಅಡಗಿ ಕುಳಿತಿರಲು ಎಡೆಯುಂಟು. ಆ ಅಕ್ಷರವು ಬಾಗಿಲಲ್ಲಿ ನಿಂತ ಕಾವಲುಗಾರನಂತೆ ಅದನ್ನು ತಡೆಯುತ್ತದೆ. ಬಸವಾದಿ ಶರಣರು ಈ ನುಡಿಯನ್ನು ಆಚರಣೆಯನ್ನಾಗಿ ಮಾಡಿ, ತನುವನ್ನು ಗುರುವಿಗೆ, ಮನವನ್ನು ಲಿಂಗಕ್ಕೆ, ಧನವನ್ನು ಜಂಗಮಕ್ಕೆ ಸವೆಸುವುದನ್ನು ತ್ರಿವಿಧ ದಾಸೋಹವೆಂದರು. ದಾಸೋಹದ ಸಂಗಣ್ಣನೆಂಬ ವಚನಕಾರನ ಹೆಸರಿನಲ್ಲಿಯೇ ಆ ಆಚರಣೆ ಮುದ್ರೆಯೊತ್ತಿದೆ. ಕಾಲವು ಕಳೆದಂತೆ ದಾಸೋಹವೆಂದರೆ ಅನ್ನದಾನವೆಂಬ ಅರ್ಥವು ಮುಂದಾಯಿತು. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಜನಿಸಿ 1822ರಲ್ಲಿ ಲಿಂಗೈಕ್ಯರಾದ ಕಲಬುರಗಿಯ ಶರಣಬಸವೇಶ್ವರರನ್ನು ಜನರು ಮಹಾದಾಸೋಹಿಗಳೆಂದೇ ಕೊಂಡಾಡುತ್ತಾರೆ. ಹೊಲದಲ್ಲಿ ಬೆಳೆದುದು ಹಕ್ಕಿಗೂ ಹಸಿದವನಿಗೂ ಸಲ್ಲಬೇಕೆಂದು ಬಾಳಿದವರು ಅವರು. ಇತ್ತೀಚಿನ ಕಾಲದಲ್ಲಿ ಅನ್ನ, ಅಕ್ಷರ, ಆಶ್ರಯಗಳನ್ನು ಸೇರಿಸಿ ತ್ರಿವಿಧ ದಾಸೋಹವೆನ್ನುವ ರೂಢಿ ಬಂದಿದೆ. ಅರ್ಥವು ವಿಸ್ತಾರವಾದುದು ಸಂತೋಷವೇ ಸರಿ. ಆದರೆ ಮಠದ ಪಂಕ್ತಿಯಲ್ಲಿ ಉಂಡು ಎದ್ದವನು ದಾಸೋಹವಾಯಿತೆಂದು ಹೇಳುವಾಗ ದಾಸನಾಗಬೇಕಾದವನು ಬಡಿಸಿದವನೆಂಬುದು ಮರೆತುಹೋಗಬಾರದಷ್ಟೆ.

ದಾಸಿಮಯ್ಯನ ಚರಿತೆಯಲ್ಲಿ ಅರಮನೆಯ ಅಧ್ಯಾಯವೂ ಒಂದುಂಟು. ಚಾಲುಕ್ಯ ಚಕ್ರವರ್ತಿ ಜಗದೇಕಮಲ್ಲನೆಂಬ ಬಿರುದಿನ ಎರಡನೆಯ ಜಯಸಿಂಹನು 1015ರಿಂದ ಸುಮಾರು 1042ರವರೆಗೆ ಆಳಿದನು. ಅವನ ರಾಣಿ ಸುಗ್ಗಲೆಯು ದಾಸಿಮಯ್ಯನ ಶಿಷ್ಯೆ. ಅರಸನು ಜೈನಧರ್ಮದಲ್ಲಿ ಆಸಕ್ತನಾಗಿದ್ದನೆಂದೂ, ರಾಣಿಯ ಬೇಡಿಕೆಯಂತೆ ದಾಸಿಮಯ್ಯನು ಪೊಟ್ಟಲಕೆರೆಯ ಆಸ್ಥಾನಕ್ಕೆ ಹೋಗಿ ವಾದದಲ್ಲಿ ಗೆದ್ದನೆಂದೂ, ಕೊಡದಲ್ಲಿ ಇಡಲ್ಪಟ್ಟಿದ್ದ ಹಾವು ಅವನ ಕೈ ಸೋಂಕಿದೊಡನೆ ಲಿಂಗವಾಯಿತೆಂದೂ, ಅರಸನು ಶಿವದೀಕ್ಷೆಯನ್ನು ಪಡೆದನೆಂದೂ ಪುರಾಣವು ವರ್ಣಿಸುತ್ತದೆ. ಇದರಲ್ಲಿ ಚರಿತ್ರೆಗೆ ಸಲ್ಲುವುದೆಷ್ಟು, ಪುರಾಣಕ್ಕೆ ಸಲ್ಲುವುದೆಷ್ಟು ಎಂಬುದನ್ನು ವಿವೇಕದಿಂದ ಬಿಡಿಸಿಕೊಳ್ಳಬೇಕು. ಪೊಟ್ಟಲಕೆರೆಯು ಜಯಸಿಂಹನ ನೆಲೆವೀಡಾಗಿತ್ತೆಂಬುದಕ್ಕೆ ಶಾಸನಗಳ ಆಧಾರವಿದೆ. ಹೈದರಾಬಾದಿನ ಸಮೀಪದ ಪಟಾನ್‌ಚೆರುವೇ ಅದೆಂದು ವಿದ್ವಾಂಸರು ಗುರುತಿಸಿದ್ದಾರೆ. ಸುಗ್ಗಲದೇವಿಯ ಹೆಸರೂ ಶಾಸನಸಿದ್ಧವಾದುದು. ಆದರೆ ಅದೇ ಜಯಸಿಂಹನ ಕಾಲದಲ್ಲಿ, 1025ರಲ್ಲಿ, ವಾದಿರಾಜನೆಂಬ ಜೈನ ಮುನಿಯು ಪಾರ್ಶ್ವನಾಥಚರಿತವನ್ನು ಮುಗಿಸಿದನು. ಅರಸನ ಸೋದರಿ ಅಕ್ಕಾದೇವಿಯು ಶೈವ, ಜೈನ ಎಂಬ ಭೇದವೆಣಿಸದೆ ದಾನಧರ್ಮಗಳನ್ನು ಮಾಡಿದಳು. ಅಂಥ ರಾಜಗೃಹದಲ್ಲಿ ಒಂದು ಮತವು ಇನ್ನೊಂದನ್ನು ನಿರ್ಮೂಲ ಮಾಡಿತೆಂಬ ಪುರಾಣದ ಉತ್ಸಾಹದ ಮಾತನ್ನು ಅಕ್ಷರಶಃ ನಂಬಬೇಕಾಗಿಲ್ಲ. ನೇಕಾರನೊಬ್ಬನನ್ನು ಚಕ್ರವರ್ತಿನಿಯು ಗುರುವೆಂದು ಒಪ್ಪಿಕೊಂಡಳೆಂಬ ನೆನಪೇ ಈ ಕಥೆಯ ಸತ್ತ್ವ. ಹಾವು ಲಿಂಗವಾದುದಕ್ಕಿಂತ ಅದು ಕಡಿಮೆಯ ಪವಾಡವಲ್ಲ.

ದಾಸಿಮಯ್ಯನ ಕಾಲವನ್ನು ನಿಶ್ಚಯಿಸುವವರು ಈ ರಾಣಿಯ ಕಥೆಯನ್ನೇ ಮುಖ್ಯಾಧಾರವನ್ನಾಗಿ ಹಿಡಿದು ಹನ್ನೊಂದನೆಯ ಶತಮಾನದ ಪೂರ್ವಾರ್ಧವೆನ್ನುತ್ತಾರೆ. ಆದರೆ ದುಗ್ಗಳೆಯ ಹೆಸರಿನಲ್ಲಿ ದೊರೆತಿರುವ ಒಂದು ವಚನದಲ್ಲಿ ಬಸವಣ್ಣ, ಪ್ರಭುದೇವ, ಸಿದ್ಧರಾಮರ ನಾಮಗಳು ಬರುವುದರಿಂದ ಆ ದಂಪತಿಗಳು ಕಲ್ಯಾಣದ ಶರಣರ ಸಮೀಪಕಾಲದವರೆಂದು ವಾದಿಸುವವರೂ ಉಂಟು. ಬಸವಣ್ಣನವರು ದಾಸಿಮಯ್ಯನನ್ನು ಹೆಸರಿಸುವ ರೀತಿಯಲ್ಲಿ ಹಿರಿಯರನ್ನು ನೆನೆಯುವ ಧ್ವನಿಯಿದೆ. ಸಮಕಾಲೀನನನ್ನು ಹಾಗೆ ಪುರಾತನರ ಸಾಲಿನಲ್ಲಿ ನಿಲ್ಲಿಸುವುದು ಅಪರೂಪ. ಆದುದರಿಂದ ಮೊದಲಿನ ಪಕ್ಷವೇ ಬಲವಾದುದು. ದುಗ್ಗಳೆಯ ಹೆಸರಿನ ಆ ವಚನವು ಮುಂದೆ ಸೇರಿದುದಾಗಿರಬಹುದು.

ಅವನ ಹೆಸರಿನಲ್ಲಿ ನೂರೈವತ್ತರ ಸುಮಾರಿಗೆ, ಅದಕ್ಕೂ ಮಿಗಿಲಾಗಿ, ವಚನಗಳು ಉಳಿದು ಬಂದಿವೆ. ಬಹುಪಾಲು ಅತಿ ಚಿಕ್ಕವು. ನಾಲ್ಕೈದು ಸಾಲಿನೊಳಗೆ ಒಂದು ಉಪಮೆ, ಒಂದು ಪ್ರಶ್ನೆ, ರಾಮನಾಥನೆಂಬ ಅಂಕಿತ, ಅಷ್ಟೆ. ಮಾತಿನ ಎಳೆಯನ್ನು ಬಿಗಿಯಾಗಿ ಎಳೆದು ಸಡಿಲವಿಲ್ಲದಂತೆ ಕತ್ತರಿಸುವ ಕೈ ನೇಕಾರನದೇ. ನೆಲವೂ ಬೆಳೆಯೂ ಬೀಸುವ ಗಾಳಿಯೂ ಶಿವನ ಕೊಡುಗೆಯಾಗಿರುವಾಗ ಅವುಗಳನ್ನುಂಡು ಅನ್ಯರನ್ನು ಹೊಗಳುವವರನ್ನು ಅವನು ಕಟುವಾಗಿ ನಿಂದಿಸುತ್ತಾನೆ. ದೇಹದ ಕುರುಹುಗಳನ್ನು ನೋಡಿ ಹೆಣ್ಣೆಂದೂ ಗಂಡೆಂದೂ ಲೋಕವು ಹೆಸರಿಡುತ್ತದೆ, ಒಳಗೆ ಸುಳಿಯುವ ಆತ್ಮನು ಎರಡೂ ಅಲ್ಲವೆಂದು ಸಾವಿರ ವರ್ಷಗಳಷ್ಟು ಹಿಂದೆ ಸ್ಪಷ್ಟವಾಗಿ ನುಡಿದವನು ಅವನು. ಆನೆ, ಸಿರಿ, ರಾಜ್ಯ ಯಾವುದೂ ತನಗೆ ಬೇಡ, ಶರಣರ ನುಡಿಯೊಂದು ದೊರೆತರೆ ಸಾಕೆಂಬ ಅವನ ಒಂದು ವಚನವಂತೂ ಚರಿತ್ರೆಯ ದೃಷ್ಟಿಯಿಂದಲೂ ಅಮೂಲ್ಯ. ಆದ್ಯ ವಚನಕಾರನೆಂದು ಲೋಕವು ಯಾರನ್ನು ಕರೆಯುತ್ತದೆಯೋ ಅವನೇ ತನಗಿಂತ ಹಿಂದೆ ನುಡಿದ ಶರಣರಿಗೆ ಕೈಮುಗಿಯುತ್ತಿದ್ದಾನೆ. ದಾಸನೆಂಬ ಹೆಸರಿಗೆ ಅವನು ಬಾಳಿನಲ್ಲಿ ಹೇಗೋ ಹಾಗೆಯೇ ನುಡಿಯಲ್ಲಿಯೂ ಒಪ್ಪಿದನು.

ರಾಮನಾಥನೆಂಬ ಅಂಕಿತವನ್ನು ಕಂಡು ಅಪರಿಚಿತರು ಇವನನ್ನು ರಾಮಭಕ್ತನೆಂದು ತಿಳಿಯುವುದುಂಟು. ರಾಮನಿಗೆ ನಾಥನಾದವನು, ರಾಮನು ಪೂಜಿಸಿದ ಲಿಂಗ, ಎಂದು ಅದರ ಅರ್ಥ. ಆದರೆ ಈ ಭ್ರಾಂತಿಗೆ ಹೆಸರಿನ ಮತ್ತೊಂದು ಭಾಗವೂ ಕಾರಣ. ದಾಸಿಮಯ್ಯನ ಕಾಲದಲ್ಲಿ ಕನ್ನಡ ನಾಡಿನಲ್ಲಿ ದಾಸನೆಂಬ ಹೆಸರು ಶಿವಭಕ್ತನಿಗೆ ಸಹಜವಾಗಿ ಒಪ್ಪುತ್ತಿತ್ತು. ಅನಂತರ ಶ್ರೀಪಾದರಾಜರು, ವ್ಯಾಸರಾಯರು ಬಂದರು. 1564ರಲ್ಲಿ ಮುಕ್ತರಾದ ಪುರಂದರದಾಸರೂ, ಕನಕದಾಸರೂ ಬಂದರು. ಹದಿನೆಂಟನೆಯ ಶತಮಾನದಲ್ಲಿ ಕೃಷ್ಣೆಯ ಆಚೆಯ ರಾಯಚೂರು ಸೀಮೆಯೇ ವಿಜಯದಾಸ, ಗೋಪಾಲದಾಸ, ಮಾನವಿಯ ಜಗನ್ನಾಥದಾಸರಿಂದ ದಾಸಸಾಹಿತ್ಯದ ತವರಾಯಿತು. ಹೀಗೆ ದಾಸರೆಂದರೆ ಹರಿದಾಸರೆಂಬ ರೂಢಿ ಗಟ್ಟಿಯಾಯಿತು. ಹಳ್ಳಿಗಳಲ್ಲಿ ದಾಸಯ್ಯನೆಂದರೆ ಶಂಖ ಜಾಗಟೆಗಳನ್ನು ಹಿಡಿದು ಮನೆಮನೆಗೆ ಬರುವ ತಿಮ್ಮಪ್ಪನ ಒಕ್ಕಲಿನವನೆಂದಾಯಿತು. ಶಿವಭಕ್ತರು ಆ ಹೆಸರನ್ನು ಮೆಲ್ಲಮೆಲ್ಲನೆ ಬಿಟ್ಟುಕೊಟ್ಟು ಶರಣ ಎಂಬುದನ್ನು ತಮ್ಮದಾಗಿ ಇಟ್ಟುಕೊಂಡರು. ಆಳೆಂಬ ಅರ್ಥದಿಂದ ಹೊರಟು, ಶಿವನ ಭಕ್ತನಾಗಿ, ವಿಷ್ಣುವಿನ ಕೀರ್ತನಕಾರನಾಗಿ, ಭಿಕ್ಷುಕನ ಕುಲನಾಮವಾಗಿ ಆ ಶಬ್ದವು ಸುತ್ತಿದ ಸುತ್ತು ಸಾಮಾನ್ಯವಾದುದಲ್ಲ.

ಈಗ ಜೇಡರ, ದೇವರ ಎಂಬ ವಿವಾದಕ್ಕೆ ಬರಬೇಕು. ದೇವಾಂಗವೆಂದರೆ ಹಳೆಯ ಕಾವ್ಯಗಳಲ್ಲಿ ನಯವಾದ ಬೆಲೆಯುಳ್ಳ ವಸ್ತ್ರ. ಅದನ್ನು ನೇಯುವವರ ಕುಲಕ್ಕೂ ಆ ಹೆಸರೇ ನಿಂತಿತು. ದೇವಾಂಗಪುರಾಣವು ದೇವತೆಗಳಿಗೂ ಮನುಷ್ಯರಿಗೂ ಮಾನವನ್ನು ಮುಚ್ಚಲು ವಸ್ತ್ರ ನೇಯ್ದುಕೊಟ್ಟ ದೇವಲ ಮಹರ್ಷಿಯ ಕಥೆಯನ್ನು ಹೇಳಿ, ಅವನ ಅವತಾರಪರಂಪರೆಯ ಕಡೆಯವನು ದಾಸಿಮಯ್ಯನೆನ್ನುತ್ತದೆ. ಆ ಸಮಾಜದವರಿಗೆ ಅವನು ದೇವರ ದಾಸಿಮಯ್ಯ, ಕುಲಗುರು, ಮೂಲಪುರುಷ. ಇಪ್ಪತ್ತನೆಯ ಶತಮಾನದಲ್ಲಿ ವಚನಗಳು ಅಚ್ಚಾಗತೊಡಗಿದಾಗ ಈ ಹೆಸರೇ ಪುಸ್ತಕಗಳ ಮೇಲೂ ಬಂದಿತು. 1973ರಲ್ಲಿ ಎ. ಕೆ. ರಾಮಾನುಜನ್ ಅವರು ಬಸವಣ್ಣ, ಅಲ್ಲಮ, ಅಕ್ಕಮಹಾದೇವಿಯರೊಡನೆ ಇವನ ವಚನಗಳನ್ನೂ ಇಂಗ್ಲಿಷಿಗೆ ತಿರುಗಿಸಿದಾಗ ಹೊರದೇಶಗಳಲ್ಲಿಯೂ ದೇವರ ದಾಸಿಮಯ್ಯನೆಂದೇ ಪ್ರಸಿದ್ಧಿಯಾಯಿತು. ಸರ್ಕಾರದ ಜಯಂತಿಯೂ ಆ ಹೆಸರಿನಲ್ಲಿಯೇ ನಡೆಯುತ್ತಿದೆ. ಎಂ. ಚಿದಾನಂದಮೂರ್ತಿ ಮೊದಲಾದ ಸಂಶೋಧಕರು ಮಾತ್ರ, ವಚನಗಳನ್ನು ರಚಿಸಿದವನು ಜೇಡರ ದಾಸಿಮಯ್ಯನೇ, ದೇವರ ದಾಸಿಮಯ್ಯನು ಬೇರೊಬ್ಬನೆಂದು ವಾದಿಸಿದರು. ಆ ವಾದವು ದೇವಾಂಗ ಸಮಾಜದ ಅನೇಕರಿಗೆ ನೋವನ್ನುಂಟುಮಾಡಿತು. ತಲೆಮಾರುಗಳಿಂದ ಪೂಜಿಸಿದ ಕುಲಗುರುವನ್ನು ಹೆಸರಿನ ಒಂದಕ್ಷರದ ಬಲದಿಂದ ಕಸಿದುಕೊಂಡರೆ ಯಾರಿಗಾದರೂ ನೋವಾಗುವುದು ನ್ಯಾಯವೇ.

ವ್ಯಕ್ತಿ ಒಬ್ಬನೋ ಇಬ್ಬರೋ ಎಂಬುದನ್ನು ಸಂಶೋಧಕರು ವಾದಿಸಲಿ. ಭಕ್ತರ ಮುಂದಿರುವ ಪ್ರಶ್ನೆಯೇ ಬೇರೆ. ಹಳೆಯ ಪುರಾಣವು ಅವನನ್ನು ಸಂಕೋಚವಿಲ್ಲದೆ ಜೇಡರವನೆಂದು ಕರೆಯಿತು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ, ಇವರೆಲ್ಲರ ಹೆಸರಿನ ಮುಂದೆಯೂ ಕಾಯಕವು ಹಾಗೆಯೇ ನಿಂತಿದೆ. ಅದು ಕೀಳ್ಮೆಯ ಗುರುತಾಗಿದ್ದರೆ ಅನುಭಾವಿಗಳ ಗೋಷ್ಠಿಯು ಅದನ್ನು ಎಂದೋ ಅಳಿಸಿಬಿಡುತ್ತಿತ್ತು. ಅಳಿಸಲಿಲ್ಲ, ಬಿರುದಿನಂತೆ ಉಳಿಸಿಕೊಂಡಿತು. ಇನ್ನೊಂದು ಕಡೆ ದೇವರ ದಾಸಿಮಯ್ಯನೆಂಬ ಹೆಸರಿನಲ್ಲಿಯೂ ದೋಷವಿಲ್ಲ. ಜೇಡರವನೆಂದು ಹಂಗಿಸಿಕೊಂಡ ಜನರು ತಮ್ಮ ಗುರುವಿಗೆ ಮಾನದ ಹೆಸರನ್ನು ಹುಡುಕಿಕೊಂಡರೆ ತಪ್ಪು ಹಂಗಿಸಿದವರದು. ಮಗ್ಗದ ಹೆಸರನ್ನು ಮುಚ್ಚಿ ದೇವರ ಹೆಸರನ್ನು ಹೊದಿಸಬೇಕಾದ ಸ್ಥಿತಿ ಶರಣರ ನಾಡಿನಲ್ಲಿ ಏಕೆ ಬಂದಿತೆಂಬುದನ್ನು ಲಿಂಗವನ್ನು ಧರಿಸಿದ ಪ್ರತಿಯೊಂದು ಮನೆಯೂ ತನ್ನನ್ನು ತಾನೇ ಕೇಳಿಕೊಳ್ಳಬೇಕು. ಯಂತ್ರದ ಬಟ್ಟೆ ಬಂದು ಕೈಮಗ್ಗಗಳು ಊರೂರಿನಲ್ಲಿ ಮೂಲೆ ಸೇರಿದ ಮೇಲಂತೂ, ಗುಣಿಯಲ್ಲಿ ಕಾಲಿಳಿಸಿ ಕುಳಿತವನನ್ನು ಮಹಾತ್ಮನೆಂದು ತೋರಿಸಲು ಮಕ್ಕಳಿಗೆ ಉಳಿದಿರುವುದು ಆ ಹೆಸರೊಂದೇ.

ದಾಸಿಮಯ್ಯನು ಕಡೆಗಾಲದಲ್ಲಿ ಮುದನೂರಿನಲ್ಲಿಯೇ ಇದ್ದು ರಾಮನಾಥನಲ್ಲಿ ಬಯಲಾದನೆಂದು ಪರಂಪರೆಯು ಹೇಳುತ್ತದೆ. ರಾಮನಾಥನ ಗುಡಿಯು ಇಂದಿಗೂ ಆ ಊರಿನಲ್ಲಿದೆ. ದುಗ್ಗಳೆಯ ಹೆಸರಿನಲ್ಲಿ ಉಳಿದಿರುವುದು ಎರಡೇ ವಚನಗಳು. ಅವುಗಳಲ್ಲಿ ಅವಳು ಬೇರೊಂದು ದೈವದ ಹೆಸರನ್ನು ಅಂಕಿತವಾಗಿ ಆರಿಸಿಕೊಳ್ಳಲಿಲ್ಲ. ಗಂಡನ ರಾಮನಾಥನನ್ನೇ ತನ್ನವನನ್ನಾಗಿ ಮಾಡಿಕೊಂಡು ದಾಸಯ್ಯಪ್ರಿಯ ರಾಮನಾಥನೆಂದು ಕರೆದಳು. ಆ ಅಂಕಿತದಲ್ಲಿ ಅವನು ಜೇಡರವನೂ ಅಲ್ಲ, ದೇವರವನೂ ಅಲ್ಲ. ಕಂಡಿಕೆ ಸುತ್ತಿಕೊಟ್ಟ ಕೈಗೆ ಗೊತ್ತಿದ್ದ ದಾಸಯ್ಯನಷ್ಟೆ.